ಐಎಸ್‌ಒ ಇದ್ದರೂ ಮಾಲು ವಾಪಸ್: ಆಡಿಟರ್ ಮೇಡಂ ಜತೆ ಗ್ರೂಪ್‌ನಲ್ಲಿ ಪ್ರಶ್ನೋತ್ತರ

ಪೀಣ್ಯ ಟರ್ನಿಂಗ್ ಶಾಪ್: ಮೇಡಂ ನಮಸ್ತೆ. ಹೋದ ವರ್ಷ ಐಎಸ್‌ಒ 9001, ಅಂದರೆ ಗುಣಮಟ್ಟ ವ್ಯವಸ್ಥೆಯ ಸರ್ಟಿಫಿಕೇಟ್, ಮಾಡಿಸಿದೆವು. ಆದರೂ ಅಲ್ಯೂಮಿನಿಯಂ ಬುಷ್‌ಗಳು (ಕೊಳವೆಯಂಥ ಬಿಡಿಭಾಗಗಳು) ವಾಪಸ್ ಬರುತ್ತಿವೆ. 20 ಎಂಎಂ ಬೋರ್ (ಒಳಗಿನ ತೂತು), ಟಾಲರೆನ್ಸ್ ಎಚ್7. ಕಸ್ಟಮರ್ ಬೋರ್ ಟೈಟ್ ಅನ್ನುತ್ತಾರೆ. ನಮ್ಮ ರಿಜಿಸ್ಟರ್‌ನಲ್ಲಿ ಎಲ್ಲ ಓಕೆ. ಆಪರೇಟರ್‌ನ ಬದಲಾಯಿಸಲಾ?

ಆಡಿಟರ್: ಬೇಡ. ಬೈಯಲೂ ಬೇಡಿ. ಯಾವುದರಲ್ಲಿ ಅಳೆಯುತ್ತಾರೆ, ಯಾವಾಗ ಅಳೆಯುತ್ತಾರೆ? ರಿಜಿಸ್ಟರ್ ಪುಟದ ಫೋಟೊ ಹಾಕಿ.

ಬೆಳಗಾವಿ ಫೌಂಡ್ರಿ: ಐಎಸ್‌ಒಗೆ ಒಟ್ಟು ಎಷ್ಟು ಖರ್ಚಾಗುತ್ತೆ ಮೇಡಂ?

ಆಡಿಟರ್: ಜನ ಎಷ್ಟಿದ್ದಾರೆ, ಕೆಲಸ ಏನು ಅನ್ನುವುದರ ಮೇಲೆ ಹೋಗುತ್ತದೆ. ಎರಡು ಮೂರು ಕಡೆ ಕೊಟೇಶನ್ ತಗೊಳ್ಳಿ. ಸರ್ಟಿಫಿಕೇಟ್ 3 ವರ್ಷಕ್ಕೆ, ವರ್ಷವರ್ಷ ಆಡಿಟ್ ಇರುತ್ತದೆ, ಅದರ ಫೀಸೂ ಕೇಳಿ.

ಪೀಣ್ಯ ಟರ್ನಿಂಗ್ ಶಾಪ್: ವರ್ನಿಯರ್‌ನಲ್ಲಿ ಮೇಡಂ. ಮೆಷಿನ್‌ನಿಂದ ತೆಗೆದ ತಕ್ಷಣ. ಫೋಟೊ ಹಾಕಿದ್ದೇನೆ.

ಆಡಿಟರ್: ನೋಡಿದೆ. ಬೆಳಗ್ಗೆಯಿಂದ ಸಂಜೆವರೆಗೆ ಪ್ರತಿ ಸಾಲಿನಲ್ಲೂ 20.00. ಒಂದೇ ಪೆನ್ನು, ಒಂದೇ ಉಸಿರಿನಲ್ಲಿ ಬರೆದ ಅಕ್ಷರ. ಶಿಫ್ಟ್ ಮುಗಿದ ಮೇಲೆ ತುಂಬಿಸಿದ ಹಾಗಿದೆ. ಆದರೆ ನಿಜವಾಗಿ ಅಳೆದಿದ್ದರೂ ಜಾಸ್ತಿ ಏನೂ ಗೊತ್ತಾಗುತ್ತಿರಲಿಲ್ಲ. 20 ಎಂಎಂಗೆ ಎಚ್7 ಅಂದರೆ 20.000ರಿಂದ 20.021, ಒಟ್ಟು 21 ಮೈಕ್ರಾನ್ (ಎಂಎಂನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್). ಫೋಟೊದಲ್ಲಿರುವ ವರ್ನಿಯರ್‌ನ ಲೀಸ್ಟ್ ಕೌಂಟೇ, ಅಂದರೆ ಅದು ತೋರಿಸುವ ಅತಿ ಸಣ್ಣ ಅಳತೆಯೇ, 20 ಮೈಕ್ರಾನ್! ಜತೆಗೆ ಬಿಸಿ. ಅಲ್ಯೂಮಿನಿಯಂ ಒಂದು ಡಿಗ್ರಿಗೆ ಮೀಟರಿಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ. ಪೀಸ್ 20 ಡಿಗ್ರಿ ಜಾಸ್ತಿ ಬಿಸಿ ಇದ್ದರೆ ನಿಮ್ಮ ಬೋರ್ 9 ಮೈಕ್ರಾನ್ ದೊಡ್ಡದಾಗಿ ಸಿಗುತ್ತದೆ. ತಣ್ಣಗಾದ ಮೇಲೆ ಕುಗ್ಗುತ್ತದೆ. ಮೆಷಿನ್ ಪಕ್ಕ ಓಕೆ, ಕಸ್ಟಮರ್ ಹತ್ತಿರ ಟೈಟ್.

ಮೊದಲು ಪ್ಲಗ್ ಗೇಜ್ ತನ್ನಿ, ಅದರ ಗೋ ಕಡೆ ಬೋರ್‌ನೊಳಗೆ ಹೋಗಬೇಕು, ನೋ-ಗೋ ಕಡೆ ಹೋಗಬಾರದು. ಪೀಸ್ ತಣ್ಣಗಾಗಲು ಬಿಟ್ಟು ಹಾಕಿ ನೋಡಿ. ಆಮೇಲೆ ಮೈಕ್ರಾನ್ ತೋರಿಸುವ ಬೋರ್ ಗೇಜ್‌ನಲ್ಲಿ ಗಂಟೆಗೊಮ್ಮೆ ಐದು ಪೀಸ್ ಅಳೆದು ಗ್ರಾಫ್ ಹಾಳೆಯಲ್ಲಿ ಚುಕ್ಕೆ ಇಡಿಸಿ. ಇನ್ಸರ್ಟ್ (ಟೂಲ್‌ನ ಕತ್ತರಿಸುವ ತುದಿ) ಸವೆದ ಹಾಗೆ ಬೋರ್ ಚಿಕ್ಕದಾಗುವುದು ಕಾಣುತ್ತದೆ. ಆಫ್‌ಸೆಟ್ (ಟೂಲ್ ಸ್ಥಾನದ ಹೊಂದಾಣಿಕೆ) ಯಾವಾಗ ಕೊಡಬೇಕು ಅಂತ ಆಪರೇಟರ್‌ಗೇ ತಿಳಿಯುತ್ತದೆ. ಐಎಸ್‌ಒ 9001 ಸ್ಟ್ಯಾಂಡರ್ಡ್‌ನ 7.1.5ನೇ ಕಲಂ ಕೇಳುವುದೇ ಇದನ್ನು, ಕೆಲಸಕ್ಕೆ ತಕ್ಕ ಅಳತೆ ಸಾಧನ.

ತುಮಕೂರು ಪ್ಲಾಸ್ಟಿಕ್ಸ್: ಫಾರ್ವರ್ಡ್ ಬಂದಿದೆ, ಎಲ್ಲರಿಗೂ ಉಪಯೋಗ ಆಗಬಹುದು. ‘3 ದಿನದಲ್ಲಿ ಐಎಸ್‌ಒ. ಆಡಿಟ್ ಇಲ್ಲ. ಫೈಲ್ ನಾವೇ ಕೊಡುತ್ತೇವೆ.’

ಆಡಿಟರ್: ಇಂಥದ್ದನ್ನು ಇಲ್ಲಿ ಹಾಕಬೇಡಿ. ಐಎಸ್‌ಒ ಸಂಸ್ಥೆ ಯಾರಿಗೂ ಸರ್ಟಿಫಿಕೇಟ್ ಕೊಡುವುದಿಲ್ಲ. ಕೊಡುವ ಏಜೆನ್ಸಿಗೆ ಎನ್‌ಎಬಿಸಿಬಿ (ಇಂಥ ಏಜೆನ್ಸಿಗಳನ್ನು ಪರಿಶೀಲಿಸುವ ಭಾರತದ ಮಂಡಳಿ) ಮಾನ್ಯತೆ ಇದೆಯಾ ನೋಡಿ. ಆಡಿಟ್ ಇಲ್ಲದ ಕಾಗದವನ್ನು ಕಸ್ಟಮರ್ ವಿಚಾರಿಸಿದ ದಿನ ಹೋಗುವುದು ನಿಮ್ಮ ಮಾನ.

ಹುಬ್ಬಳ್ಳಿ ವಾಲ್ವ್ಸ್: ಆಡಿಟ್ ಇದ್ದರೂ ಅಷ್ಟೇ. ಎಲ್ಲ ಸುಮ್ನೆ ಕಾಗದದ ಕೆಲಸ. ನಮ್ಮಪ್ಪ ಒಂದು ಫೈಲೂ ಇಲ್ಲದೆ ಒಳ್ಳೆ ಮಾಲು ಕೊಟ್ಟರು.

ಮೈಸೂರು ಎಲೆಕ್ಟ್ರಾನಿಕ್ಸ್: ಅವರು ಶೆಡ್‌ಗೆ ಬಾರದ ದಿನ ಮಾಲು ಹೇಗಿರುತ್ತಿತ್ತು ಸರ್? ನಮಗೆ ಎಕ್ಸ್‌ಪೋರ್ಟ್ ಆರ್ಡರ್ ಸಿಕ್ಕಿದ್ದೇ ಐಎಸ್‌ಒದಿಂದ.

ಹುಬ್ಬಳ್ಳಿ ವಾಲ್ವ್ಸ್: ಆರ್ಡರ್ ಬಿಡಿ. ರಿಜೆಕ್ಷನ್ ಇಳಿಯಿತಾ?

ಮೈಸೂರು ಎಲೆಕ್ಟ್ರಾನಿಕ್ಸ್: ಇಳಿದಿದೆ. ಲೆಕ್ಕ ಇಟ್ಟವರಿಗೆ ಗೊತ್ತಾಗುತ್ತದೆ.

ಹುಬ್ಬಳ್ಳಿ ವಾಲ್ವ್ಸ್: ನಮ್ಮ ಶೆಡ್ ನೋಡದೆ ಮಾತಾಡಬೇಡಿ.



ಆಡಿಟರ್: ಹುಬ್ಬಳ್ಳಿಯವರೇ, 2015ರ ಆವೃತ್ತಿಯಿಂದ ಕ್ವಾಲಿಟಿ ಮ್ಯಾನ್ಯುಯಲ್ ಕೂಡ ಕಡ್ಡಾಯ ಅಲ್ಲ. ಕಾಗದ ಜಾಸ್ತಿ ಮಾಡುವವರು ಕನ್ಸಲ್ಟೆಂಟ್‌ಗಳು. ಜಗಳ ಇಲ್ಲಿಗೆ ಸಾಕು, ಇಬ್ಬರಿಗೂ ಹೇಳುತ್ತಿದ್ದೇನೆ.

ಬೆಳಗಾವಿ ಫೌಂಡ್ರಿ: ಅಂದಾಜಾದರೂ ಹೇಳಿ ಮೇಡಂ, ಎಷ್ಟಾಗುತ್ತೆ?

ಆಡಿಟರ್: ಮೇಲೆ ಹೇಳಿದ್ದೇನೆ.

ಪೀಣ್ಯ ಟರ್ನಿಂಗ್ ಶಾಪ್: ಪಕ್ಕದ ಶೆಡ್‌ನಿಂದ ಗೇಜ್ ತಂದೆ ಮೇಡಂ. ತಣ್ಣಗಾದ ಪೀಸ್‌ಗಳಲ್ಲಿ ಸುಮಾರು ಪೀಸ್‌ಗೆ ಗೋ ಕಡೆ ಹೋಗುತ್ತಿಲ್ಲ. ಪ್ಯಾಕ್ ಆದ ಲಾಟ್ ಸಂಜೆ ಹೋಗಬೇಕು.

ಆಡಿಟರ್: ಕಳಿಸಬೇಡಿ. ಒಂದೂ ಬಿಡದೆ ಗೇಜ್ ಹಾಕಿ. ಟೈಟ್ ಇರುವುದಕ್ಕೆ ಕೆಂಪು ಟ್ಯಾಗ್ ಹಾಕಿ ಬೇರೆ ಇಡಿ, ರೀವರ್ಕ್ ಆಗುತ್ತದೆ. ಆಗಲೇ ಹೋದ ಲಾಟ್ ಬಗ್ಗೆ ಕಸ್ಟಮರ್‌ಗೆ ನೀವೇ ಫೋನ್ ಮಾಡಿ. ಈಗಲೇ.