‘ದಿ ಕಮಿಂಗ್ ರೇಸ್’ ಕಾದಂಬರಿಯ ವ್ರಿಲ್: ವಿಜ್ಞಾನವೋ, ಮಂತ್ರಶಕ್ತಿಯೋ?

ಪ್ರಶ್ನೆ:
ಇಂಗ್ಲಿಷ್ ಲೇಖಕ ಎಡ್ವರ್ಡ್ ಬುಲ್ವರ್-ಲಿಟ್ಟನ್ 1871ರಲ್ಲಿ ತಮ್ಮ ಹೆಸರು ಹಾಕದೆ ಪ್ರಕಟಿಸಿದ ಈ ಕಾದಂಬರಿಯನ್ನು ಈಚೆಗೆ ಓದಿದೆ. ಗಣಿಯೊಂದರ ಮೂಲಕ ಭೂಗರ್ಭಕ್ಕೆ ಇಳಿದ ಅಮೆರಿಕದ ನಿರೂಪಕನಿಗೆ, ರೆಕ್ಕೆ ಕಟ್ಟಿಕೊಂಡು ಹಾರುವ, ಯಂತ್ರಮಾನವರಿಂದ ಚಾಕರಿ ಮಾಡಿಸಿಕೊಳ್ಳುವ ವ್ರಿಲ್-ಯಾ ಎಂಬ ಜನಾಂಗ ಎದುರಾಗುತ್ತದೆ. ಅವರ ‘ವ್ರಿಲ್’ ಶಕ್ತಿ ದೀಪ ಉರಿಸುತ್ತದೆ, ರೋಗ ವಾಸಿಮಾಡುತ್ತದೆ, ಪರರ ಮನಸ್ಸನ್ನೂ ಆಳುತ್ತದೆ. ಇದನ್ನು ವೈಜ್ಞಾನಿಕ ಕಾದಂಬರಿಯೆಂದು ಓದಬೇಕೋ, ಮಾಂತ್ರಿಕ ಕಥೆಯೆಂದೋ?

ಉತ್ತರ 1:
ಆ ಕಾಲದ ಓದುಗರಿಗೆ ಇವೆರಡರ ನಡುವಿನ ಗೆರೆ ಇಷ್ಟು ಸ್ಪಷ್ಟವಾಗಿರಲಿಲ್ಲ. ವ್ರಿಲ್‌ನ ವಿವರಣೆಯಲ್ಲಿ, ನಿಸರ್ಗದ ಶಕ್ತಿಗಳಿಗೆಲ್ಲ ಮೂಲ ಒಂದೇ ಇರಬಹುದೆಂಬ ವಿಜ್ಞಾನಿ ಮೈಕಲ್ ಫ್ಯಾರಡೆಯ ಅಭಿಪ್ರಾಯವೂ ಬರುತ್ತದೆ, ಅದರ ಬೆನ್ನಿಗೇ ಅಗೋಚರ ಶಕ್ತಿಯಿಂದ ಪರರನ್ನು ವಶಮಾಡಿಕೊಳ್ಳಬಹುದೆಂಬ ಮೆಸ್ಮರಿಸಂ ಕೂಡ ಬರುತ್ತದೆ. ಲೇಖಕರು ಎರಡನ್ನೂ ಒಂದೇ ಗಾಂಭೀರ್ಯದಿಂದ ಕಾಣುತ್ತಾರೆ. 1842ರಲ್ಲೇ ‘ಝನೋನಿ’ ಎಂಬ ಗೂಢವಿದ್ಯೆಯ ಕಾದಂಬರಿ ಬರೆದಿದ್ದವರಿಗೆ ಇದು ಸಹಜವೇ.

ಉತ್ತರ 2:
ಮೇಲಿನವರ ಮಾತನ್ನು ಒಪ್ಪುತ್ತೇನಾದರೂ, ವ್ರಿಲ್ ದಂಡದ ವರ್ಣನೆಯನ್ನು ಗಮನಿಸಿದರೆ ತಕ್ಕಡಿ ವಿಜ್ಞಾನದ ಕಡೆಗೇ ವಾಲುತ್ತದೆ ಎಂಬುದು ನನ್ನ ಅನಿಸಿಕೆ. ಅದು ಒಳಗೆ ಟೊಳ್ಳಾದ ಕೋಲು. ಶಕ್ತಿಯನ್ನು ಹೆಚ್ಚುಕಡಿಮೆ ಮಾಡುವ, ಬೇಕಾದತ್ತ ತಿರುಗಿಸುವ ಕೀಲಿಗಳು ಅದರ ಹಿಡಿಯಲ್ಲಿವೆ. ಆದರೂ ನಿರೂಪಕನಿಗೆ ಅದು ದಕ್ಕುವುದಿಲ್ಲ, ಏಕೆಂದರೆ ತಲೆಮಾರುಗಳ ಬಳಕೆಯಿಂದ ವ್ರಿಲ್-ಯಾ ಜನರ ಅಂಗೈಯಲ್ಲಿ ಬೆಳೆದ ನರವೊಂದು ಅವನಿಗಿಲ್ಲ. ಝೀ ಎಂಬ ವ್ರಿಲ್-ಯಾ ತರುಣಿ ಆ ನರವನ್ನು ಅವನಿಗೆ ತೋರಿಸುತ್ತಾಳೆ. ಮಂತ್ರವಾಗಿದ್ದರೆ ದೀಕ್ಷೆ ಕೊಟ್ಟು ಕಲಿಸಬಹುದಿತ್ತು. ಮನುಷ್ಯನ ವಿಕಾಸವನ್ನು ಚರ್ಚಿಸುವ ಡಾರ್ವಿನ್ನರ ‘ದಿ ಡಿಸೆಂಟ್ ಆಫ್ ಮ್ಯಾನ್’ ಬಂದದ್ದೂ ಈ ಕಾದಂಬರಿ ಬಂದ ವರ್ಷವೇ.

ಪ್ರಶ್ನೆ ಕೇಳಿದವರು:
ಅಂಗೈಯ ನರದ ಸಂಗತಿಯನ್ನು ನಾನು ಅಷ್ಟಾಗಿ ಗಮನಿಸಿರಲಿಲ್ಲ, ಧನ್ಯವಾದಗಳು. ಹಾಗಿದ್ದರೆ ಗೂಢ ಅಧ್ಯಾತ್ಮದ ಪಂಥವಾದ ಥಿಯೊಸಾಫಿಯವರು ವ್ರಿಲ್ ಅನ್ನು ನಿಜವಾದ ಶಕ್ತಿಯೆಂದು ಎತ್ತಿಕೊಂಡದ್ದು ಹೇಗೆ?

ಉತ್ತರ 3:
ಥಿಯೊಸಾಫಿಯ ಸ್ಥಾಪಕರಲ್ಲೊಬ್ಬರಾದ ಮೇಡಂ ಬ್ಲಾವಟ್‌ಸ್ಕಿ 1888ರ ‘ದಿ ಸೀಕ್ರೆಟ್ ಡಾಕ್ಟ್ರಿನ್’ನಲ್ಲಿ ಹೆಸರು ಕಲ್ಪಿತವಾದರೂ ಶಕ್ತಿ ನಿಜವೆಂಬ ಧಾಟಿಯಲ್ಲಿ ಬರೆದರು. ಆ ಪದದ ಮೋಡಿ ಎಷ್ಟಿತ್ತೆಂದರೆ ‘ಬೋವ್ರಿಲ್’ ಎಂಬ ಗೋಮಾಂಸದ ಸಾರಕ್ಕೂ ಅದರ ಬಾಲ ಅಂಟಿಕೊಂಡಿತು. ನನ್ನ ಮಟ್ಟಿಗೆ ಕಾದಂಬರಿಯ ತಿರುಳು ಬೇರೆಡೆ ಇದೆ. ಎಲ್ಲರ ಕೈಯಲ್ಲೂ ಸಮಾನವಾದ ಸಂಹಾರಶಕ್ತಿ ಇರುವುದರಿಂದ ಅಲ್ಲಿ ಯುದ್ಧ ನಿಂತಿದೆ, ಸ್ಪರ್ಧೆಯೂ ಇಲ್ಲ. ಆದರೆ ಕಲಹವಿಲ್ಲದ ಆ ನಾಡಿನಲ್ಲಿ ದೊಡ್ಡ ಸಾಹಿತ್ಯವೂ ಹುಟ್ಟುವುದಿಲ್ಲ. ವ್ರಿಲ್‌ನ ಮೂಲಕ್ಕಿಂತ ಅದು ತಂದ ಈ ನೀರಸ ಸುಖವೇ ಲೇಖಕರನ್ನು ಹೆಚ್ಚು ಕಾಡಿರುವಂತಿದೆ.