ಮಗಳು ವೀಗನ್ ಆಗಿದ್ದಾಳೆ, ಕ್ರಿಸ್‌ಮಸ್ ರಜೆಗೆ ಮನೆ ತುಂಬ ಜನ. ದಯವಿಟ್ಟು ಸಲಹೆ ಕೊಡಿ

ಶಿವಮೊಗ್ಗದವಳು, ನ್ಯೂಜೆರ್ಸಿ
ಎಲ್ಲರಿಗೂ ನಮಸ್ಕಾರ. ಮಗಳಿಗೆ ಹದಿನೈದು ವರ್ಷ. ಬೇಸಿಗೆ ರಜೆಯಿಂದ ವೀಗನ್ ಆಗಿದ್ದಾಳೆ. ಹಾಲು, ಮೊಸರು, ತುಪ್ಪ, ಜೇನು ಯಾವುದನ್ನೂ ಮುಟ್ಟುವುದಿಲ್ಲ. ನಾಲ್ಕು ದಿನದ ಹುರುಪು ಅಂದುಕೊಂಡಿದ್ದೆವು, ಅವಳು ಪಟ್ಟು ಬಿಟ್ಟಿಲ್ಲ. ನಮ್ಮ ಮನೆಯಲ್ಲಿ ಮೊಟ್ಟೆ ಮೊದಲಿಂದಲೂ ಇಲ್ಲ, ಹಾಗಾಗಿ ದಿನದ ಊಟ ಹೇಗೋ ನಡೆಯುತ್ತಿದೆ.

ಈಗ ಅತ್ತೆ, ಮಾವ ಊರಿಂದ ಬಂದಿದ್ದಾರೆ. ರಜೆಗೆ ಮೈದುನನ ಮನೆಯವರೂ ಬರುತ್ತಾರೆ, ಒಟ್ಟು ಹನ್ನೊಂದು ಜನ. ಮೊಮ್ಮಗಳಿಗೆ ಕೈಯಾರೆ ಹೋಳಿಗೆ, ಮೈಸೂರು ಪಾಕ್ ಮಾಡಿ ತಿನ್ನಿಸಬೇಕು ಅಂತ ಅತ್ತೆಗೆ ಆಸೆ. ಇವಳು ಬೇಡ ಅಂದರೆ "ನನ್ನ ಕೈ ತುಪ್ಪ ವಿಷಾನಾ?" ಅಂತ ಕಣ್ಣಲ್ಲಿ ನೀರು. ಮಗಳಿಗೆ ಚಿಕ್ಕಪ್ಪನ ಮಕ್ಕಳ ಜೊತೆ ಕೂತು ಕೇಕ್, ಕುಕೀ ಬೇಕ್ ಮಾಡುವ ಆಸೆ.

ನನ್ನ ಪ್ರಶ್ನೆ ಎರಡೇ. ಹಾಲು, ಬೆಣ್ಣೆ, ಮೊಟ್ಟೆ ಯಾವುದೂ ಇಲ್ಲದೆ ಕೈ ಕೊಡದ ಕೇಕ್ ಯಾವುದು? ಹಬ್ಬದಡುಗೆಯಲ್ಲಿ ಎಲ್ಲರಿಗೂ ಒಂದೇ ಪಾತ್ರೆಯಲ್ಲಿ ಏನೇನು ಮಾಡಬಹುದು? ಅವಳಿಗೆ ಬೇರೆ, ನಮಗೆ ಬೇರೆ ಅಂತ ಬಡಿಸಲು ನನಗೆ ಮನಸ್ಸಿಲ್ಲ.

ತುಮಕೂರು, ಹೂಸ್ಟನ್
ಮೇಡಂ, ಇದು ವಯಸ್ಸಿನದ್ದು. ಕಾಲೇಜಿಗೆ ಹೋದ ಮೇಲೆ ತಾನೇ ಬಿಡುತ್ತಾರೆ. ನಮ್ಮ ಮಗಳು ಈಗಲೂ ಬೆಳಿಗ್ಗೆ, ಸಂಜೆ ಹಾಲು ಕುಡಿಯುತ್ತಾಳೆ. ಮೊನ್ನೆ ಭರತನಾಟ್ಯ ರಂಗಪ್ರವೇಶವೂ ಆಯಿತು. ಮಕ್ಕಳನ್ನು ಚಿಕ್ಕಂದಿನಿಂದ ಕನ್ನಡ ಶಾಲೆಗೆ, ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ, ಎಲ್ಲ ಸರಿ ಇರುತ್ತದೆ.

ಕುಂದಾಪುರದವರು, ಲಂಡನ್
ಅಕ್ಕಾ, ಇಷ್ಟು ಚಿಂತೆ ಬೇಡ. ಹೋಳಿಗೆಯಲ್ಲಿ ತುಪ್ಪ ಎಲ್ಲಿದೆ ಹೇಳಿ? ಕಣಕಕ್ಕೆ ಮೈದಾ, ಚಿರೋಟಿ ರವೆ, ಅರಿಶಿನ, ಎಣ್ಣೆ. ಹೂರಣಕ್ಕೆ ಬೇಳೆ, ಬೆಲ್ಲ, ಏಲಕ್ಕಿ. ಕಣಕ ಎಣ್ಣೆಯಲ್ಲೇ ನೆನೆಯಬೇಕು, ಎರಡು ಗಂಟೆ ಬಿಟ್ಟರೆ ಕೈಯಲ್ಲಿ ಎಳೆದಷ್ಟೂ ಬರುತ್ತದೆ. ಕಾವಲಿಗೂ ಎಣ್ಣೆ ಹಚ್ಚಿ ಬೇಯಿಸಿ. ತುಪ್ಪ ಬರುವುದು ಬಡಿಸುವಾಗ ಮಾತ್ರ. ಬೇಕಾದವರು ತಟ್ಟೆಯಲ್ಲಿ ಹಾಕಿಕೊಳ್ಳಲಿ, ಮಗಳಿಗೆ ಕಾಯಿಹಾಲು ಹಾಕಿ. ಹೋಳಿಗೆಗೆ ಕಾಯಿಹಾಲು ನಮ್ಮ ಕಡೆ ಹೊಸದೇನಲ್ಲ.

ಹೆಸರುಬೇಳೆ ಪಾಯಸವನ್ನೂ ಕಾಯಿಹಾಲಿನಲ್ಲಿ ಮಾಡಿ. ಎರಡನೇ ಹಾಲಿನಲ್ಲಿ ಬೇಳೆ, ಬೆಲ್ಲ ಕುದಿಸಿ, ಗಟ್ಟಿ ಹಾಲನ್ನು ಒಲೆ ಆರಿಸಿದ ಮೇಲೆ ಹಾಕಿ. ಗಟ್ಟಿ ಹಾಲು ಹಾಕಿ ಕುದಿಸಿದರೆ ಒಡೆಯುತ್ತದೆ. ಗೋಡಂಬಿಯನ್ನು ತೆಂಗಿನೆಣ್ಣೆಯಲ್ಲಿ ಹುರಿಯಿರಿ. ಕಜ್ಜಾಯ, ಎಳ್ಳುಂಡೆ ಹೇಗಿದ್ದರೂ ಅವಳಿಗೆ ಆಗುತ್ತದೆ. ಚಕ್ಕುಲಿ, ಕೋಡುಬಳೆಗೆ ಬೆಣ್ಣೆ ಬದಲು ಕಾದ ಎಣ್ಣೆ ಹಾಕಿ ಕಲಸಿ. ಮೈಸೂರು ಪಾಕ್ ಮಾತ್ರ ಬಿಟ್ಟುಬಿಡಿ. ಅದರ ಜೀವವೇ ತುಪ್ಪ, ಬೇರೆ ಎಣ್ಣೆಯಲ್ಲಿ ಮಾಡಿ ಅತ್ತೆಯವರ ಮನಸ್ಸು ನೋಯಿಸುವುದು ಯಾಕೆ?

ಧಾರವಾಡದವಳು, ಟೊರಾಂಟೊ
ಕೇಕ್ ನಾನು ಹೇಳ್ತೀನಿ ರೀ. ಇಲ್ಲಿಯವರ ಹಳೇ ಕೇಕ್ ಒಂದಿದೆ. ಹಾಲು, ಬೆಣ್ಣೆ, ಮೊಟ್ಟೆ ಮೂರೂ ಇಲ್ಲ. 1930ರ ದಶಕದ "ಗ್ರೇಟ್ ಡಿಪ್ರೆಶನ್" ಅನ್ನುವ ಆರ್ಥಿಕ ಕಷ್ಟಕಾಲದ ಹೆಸರಿನಿಂದ ಅದಕ್ಕೆ ಡಿಪ್ರೆಶನ್ ಕೇಕ್ ಅಂತಲೇ ಕರೆಯುತ್ತಾರೆ. ಒಂದೂವರೆ ಕಪ್ ಮೈದಾ, ಒಂದು ಕಪ್ ಸಕ್ಕರೆ, ಮೂರು ಟೇಬಲ್ ಚಮಚ ಕೋಕೋ ಪುಡಿ, ಒಂದು ಟೀ ಚಮಚ ಅಡುಗೆ ಸೋಡಾ, ಅರ್ಧ ಟೀ ಚಮಚ ಉಪ್ಪು. ಎಲ್ಲ ಜರಡಿ ಹಿಡಿಯಿರಿ. ಅದಕ್ಕೆ ಎಣ್ಣೆ, ಒಂದು ಟೀ ಚಮಚ ವೆನಿಲ್ಲಾ, ಒಂದು ಟೇಬಲ್ ಚಮಚ ವಿನೆಗರ್, ಒಂದು ಕಪ್ ತಣ್ಣೀರು. ವಿನೆಗರ್ ಬಿದ್ದ ಕೂಡಲೇ ಹಿಟ್ಟು ಬುಸ್ ಅಂತ ನೊರೆ ಬಿಡುತ್ತದೆ. ಆ ಗಾಳಿಯಿಂದಲೇ ಕೇಕ್ ಉಬ್ಬಬೇಕು, ಹಾಗಾಗಿ ಜಾಸ್ತಿ ಕಲಸಬೇಡಿ. ಸಣ್ಣ ಗಂಟು ಉಳಿದರೂ ಪರವಾಗಿಲ್ಲ. ತಕ್ಷಣ 350 ಫ್ಯಾರನ್‌ಹೀಟ್ ಓವನ್‌ನಲ್ಲಿ 30ರಿಂದ 35 ನಿಮಿಷ.

ಕುಕೀಗೆ ಮೊಟ್ಟೆ ಬದಲು ಅಗಸಿ ಸಾಕು. ಒಂದು ಟೇಬಲ್ ಚಮಚ ಅಗಸಿ ಪುಡಿಗೆ ಮೂರು ಚಮಚ ನೀರು, ಹತ್ತು ನಿಮಿಷಕ್ಕೆ ಲೋಳೆ ಆಗುತ್ತದೆ. ಅದು ಒಂದು ಮೊಟ್ಟೆಯ ಲೆಕ್ಕ. ನಮ್ಮ ಕಡೆ ರೊಟ್ಟಿ ಜೊತೆ ಅಗಸಿ ಹಿಂಡಿ ಯಾವಾಗಲೂ ಇರುತ್ತದಲ್ಲ, ಅದೇ ಅಗಸಿ. ಕೇಕ್ ಮೇಲೆ ಬಿಳಿ ನೊರೆ ಬೇಕಾದರೆ ಕಾಬೂಲಿ ಕಡಲೆ ಬೇಯಿಸಿದ ಗಟ್ಟಿ ನೀರು ಚೆಲ್ಲಬೇಡಿ. ಸಕ್ಕರೆ ಹಾಕಿ ಬೀಟರ್‌ನಲ್ಲಿ ಹೊಡೆದರೆ ಮೊಟ್ಟೆಯ ಬಿಳಿಯಂತೆಯೇ ಏಳುತ್ತದೆ. 2015ರಲ್ಲಿ ಅದಕ್ಕೆ ಅಕ್ವಾಫಾಬಾ ಅಂತ ಹೆಸರೂ ಬಂತು.

ಮಂಡ್ಯ, ಡಲ್ಲಾಸ್
ಎಲ್ಲರೂ ರೆಸಿಪಿ ಕೊಡುತ್ತಿದ್ದೀರಿ. ಮೂಲ ವಿಷಯ ಯಾರೂ ಮಾತಾಡುತ್ತಿಲ್ಲ. ನಮ್ಮಪ್ಪ ಊರಿನ ಡೇರಿಗೆ ಹಾಲು ಹಾಕಿ ನನ್ನನ್ನು ಇಂಜಿನಿಯರಿಂಗ್ ಓದಿಸಿದರು. ಬೆಳಿಗ್ಗೆ ಐದಕ್ಕೆ ಎದ್ದು ಕೊಟ್ಟಿಗೆ ಗುಡಿಸುತ್ತಿದ್ದರು. ಹಸುವಿಗೆ ಹುಷಾರಿಲ್ಲದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಅದನ್ನು ಹಿಂಸೆ ಅಂತ ಈ ದೇಶದ ಶಾಲೆ, ವಿಡಿಯೋ ಹೇಳಿಕೊಡುತ್ತಿವೆ, ನಾವು ತಲೆಯಾಡಿಸುತ್ತಿದ್ದೇವೆ. ಪಂಚಾಮೃತ ಅಂದರೆ ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ. ಐದರಲ್ಲಿ ನಾಲ್ಕು ಬೇಡ ಅಂದರೆ ಪ್ರಸಾದ ಅಂತ ಏನು ಕೊಡುತ್ತೀರಿ? ಇವತ್ತು ಹಾಲು, ನಾಳೆ ಹಬ್ಬ, ನಾಡಿದ್ದು ಭಾಷೆ. ಅಜ್ಜಿಯ ಕಣ್ಣೀರಿಗಿಂತ ಕೇಕ್ ದೊಡ್ಡದಾ? ಹದಿನೈದು ವರ್ಷದ ಮಗು ಮನೆಯ ಅಡುಗೆ ತೀರ್ಮಾನ ಮಾಡಬಾರದು.

ತುಮಕೂರು, ಹೂಸ್ಟನ್
ನೂರಕ್ಕೆ ನೂರು ನಿಜ ಸರ್.

ಇಲ್ಲೇ ಹುಟ್ಟಿದವಳು, ಸ್ಯಾನ್ ಹೋಸೆ
ಅಂಕಲ್, ನಿಮ್ಮ ತಂದೆಯವರ ಮೇಲೆ ಗೌರವ ಇದೆ. ಆದರೆ ಇಲ್ಲಿಯ ದೊಡ್ಡ ಡೇರಿಗಳಲ್ಲಿ ಕರುವನ್ನು ಹುಟ್ಟಿದ ಸ್ವಲ್ಪ ಹೊತ್ತಿಗೇ ತಾಯಿಯಿಂದ ದೂರ ಮಾಡುತ್ತಾರೆ. ಗಂಡು ಕರುಗಳು ಕೊನೆಗೆ ಮಾಂಸಕ್ಕೇ ಹೋಗುತ್ತವೆ. ಆ ಹುಡುಗಿ ಬೇಡ ಅನ್ನುತ್ತಿರುವುದು ಅದನ್ನು. ಹಸುವಿಗೆ ಕೈ ಮುಗಿಯಲು ಕಲಿಸಿದ್ದು ನಮ್ಮ ಮನೆಯೇ ಅಲ್ವಾ? ನಾನು ಹತ್ತೊಂಬತ್ತಕ್ಕೆ ವೀಗನ್ ಆದೆ, ಈಗಲೂ ಹಾಗೇ ಇದ್ದೇನೆ. ಈ ಉತ್ತರ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಆಂಟಿ, ಲೇಬಲ್ ಓದಿಸಿ. ಕಾಫಿಗೆ ಹಾಕುವ ಕ್ರೀಮರ್ ಮೇಲೆ ನಾನ್‌ಡೇರಿ, ಅಂದರೆ ಹಾಲಿನದ್ದಲ್ಲ, ಅಂತ ಬರೆದಿದ್ದರೂ ಒಳಗೆ ಕೇಸಿನೇಟ್ ಇರಬಹುದು, ಅದು ಹಾಲಿನದ್ದೇ. ಮಾರ್ಷ್‌ಮ್ಯಾಲೋ ಅನ್ನುವ ಮೆತ್ತನೆ ಮಿಠಾಯಿಯಲ್ಲಿ ಸಾಮಾನ್ಯವಾಗಿ ಜೆಲಟಿನ್ ಇರುತ್ತದೆ, ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡಿದ್ದು. ಅಮೆರಿಕದಲ್ಲಿ ಕೆಲವು ಕಬ್ಬಿನ ಸಕ್ಕರೆಯನ್ನು ಮೂಳೆಯ ಇದ್ದಿಲಿನಲ್ಲಿ ಸೋಸುತ್ತಾರೆ, ಆರ್ಗ್ಯಾನಿಕ್ ಅಂತ ಇರುವುದನ್ನು ತನ್ನಿ.

ಮಂಡ್ಯ, ಡಲ್ಲಾಸ್
ಅಮ್ಮಾ, ನೀನು ಇಲ್ಲಿಯ ಡೇರಿ ವಿಷಯ ಹೇಳುತ್ತಿದ್ದೀಯ, ನಾನು ನಮ್ಮ ಮನೆ ಕೊಟ್ಟಿಗೆ ವಿಷಯ ಹೇಳುತ್ತಿದ್ದೇನೆ. ನಮ್ಮಪ್ಪ ಯಾವ ಕರುವನ್ನೂ ಹಾಲಿಲ್ಲದೆ ಬಿಟ್ಟವರಲ್ಲ.

ಹಾಸನ, ಸಿಡ್ನಿ
ಜಗಳ ಬೇಡ. ನನ್ನ ಮಗನೂ ಹೀಗೇ ಹಟ ಹಿಡಿದಿದ್ದ. ನಮ್ಮ ಯಜಮಾನರು "ಈ ಮನೆಯಲ್ಲಿ ಎರಡು ಅಡುಗೆ ಇಲ್ಲ" ಅಂದರು, ಅವನು ರೂಮಿನಲ್ಲಿ ಬ್ರೆಡ್ಡಿಗೆ ಶೇಂಗಾ ಬೆಣ್ಣೆ ಹಚ್ಚಿ ತಿಂದುಕೊಂಡ. ಆಮೇಲೆ ಅದೇ ರೂಢಿಯಾಯಿತು. ಈಗ ಮೆಲ್ಬರ್ನ್‌ನಲ್ಲಿದ್ದಾನೆ. ಇಲ್ಲಿ ಡಿಸೆಂಬರ್ ಅಂದರೆ ಮಾವಿನ ಹಣ್ಣಿನ ಕಾಲ. ಸೀಕರಣೆ ಕಾಯಿಹಾಲಿನಲ್ಲಿ ಮಾಡಿಡುತ್ತೇನೆ ಬಾ ಅಂದರೆ ಕೆಲಸ ಇದೆ ಅನ್ನುತ್ತಾನೆ. ನಿಮ್ಮ ಮಗಳು ಮನೆಯಲ್ಲೇ, ಎಲ್ಲರ ಜೊತೆ ಬೇಕ್ ಮಾಡುತ್ತೇನೆ ಅನ್ನುತ್ತಿದ್ದಾಳಲ್ಲ ತಾಯಿ, ಅದು ಪುಣ್ಯ.

ಮೈಸೂರು, ಶಿಕಾಗೋ
ಒಂದು ಮುಖ್ಯ ವಿಷಯ. ವಿಟಮಿನ್ ಬಿ12 ಅನ್ನುವುದು ಬೇಳೆ, ಸೊಪ್ಪಿನಲ್ಲಿ ಸಿಗುವುದಿಲ್ಲ. ಆ ವಯಸ್ಸಿಗೆ ದಿನಕ್ಕೆ 2.4 ಮೈಕ್ರೋಗ್ರಾಂ ಬೇಕು. ಡಾಕ್ಟರ್ ಹತ್ತಿರ ರಕ್ತ ಪರೀಕ್ಷೆ ಮಾಡಿಸಿ, ಮಾತ್ರೆ ಕೇಳಿ. ಬಾದಾಮಿ ಹಾಲಿನಲ್ಲಿ ಪ್ರೋಟೀನ್ ತೀರಾ ಕಮ್ಮಿ, ಕ್ಯಾಲ್ಸಿಯಂ ಸೇರಿಸಿದ ಸೋಯಾ ಹಾಲು ಕೊಡಿ. ಸಿಹಿ ಇಲ್ಲದ ಸೋಯಾ ಹಾಲನ್ನು ಉಗುರು ಬೆಚ್ಚಗೆ ಮಾಡಿ, ಹಸಿಮೆಣಸಿನಕಾಯಿ ತೊಟ್ಟು ಹಾಕಿ ಹೆಪ್ಪಿಗೆ ಇಡಿ. ಚಳಿಗಾಲ, ಓವನ್ ಹೊತ್ತಿಸದೆ ಲೈಟ್ ಮಾತ್ರ ಹಾಕಿ ಒಳಗಿಡಿ. ಮೊದಲ ಸಲದ್ದು ಸ್ವಲ್ಪ ಘಾಟು, ಅದರಿಂದಲೇ ಎರಡನೇ ಸಲ ಹೆಪ್ಪು ಹಾಕಿದರೆ ಮೊಸರನ್ನಕ್ಕೆ ಚೆನ್ನಾಗಿರುತ್ತದೆ.

ಬೆಳಗಾವಿ, ದುಬೈ
ಮಂಡ್ಯದವರು ಹೇಳಿದ್ದೇ ಸರಿ. ಹಾಲು, ತುಪ್ಪ ಬಿಟ್ಟು ಹಬ್ಬ ಹೇಗೆ?

ಮಂಡ್ಯ, ಡಲ್ಲಾಸ್
ಧನ್ಯವಾದ. ಇದು ಒಂದು ಮನೆಯ ಪ್ರಶ್ನೆ ಅಲ್ಲ. ಸಂಘದ ಸಂಕ್ರಾಂತಿ ಊಟದಲ್ಲೂ ಈಗ ಹಾಲಿಲ್ಲದ ಪಾಯಸ ಬೇಕು ಅಂತ ಕೇಳುತ್ತಿದ್ದಾರೆ. ಒಪ್ಪಿಕೊಂಡರೆ ಮುಂದೆ ಏನು ಉಳಿಯುತ್ತದೆ, ಎಲ್ಲರೂ ಯೋಚನೆ ಮಾಡಿ.

ಕುಂದಾಪುರದವರು, ಲಂಡನ್
ಕಾಯಿಹಾಲಿನ ಪಾಯಸ ನಮ್ಮ ಅಜ್ಜಿ ಕಾಲದಿಂದ ಇದೆ ಸರ್.

ಶಿವಮೊಗ್ಗದವಳು, ನ್ಯೂಜೆರ್ಸಿ
ಎಲ್ಲರಿಗೂ ಧನ್ಯವಾದ. ಅತ್ತೆಗೆ ಹೋಳಿಗೆ ವಿಷಯ ಓದಿ ಹೇಳಿದೆ. "ಕಣಕಕ್ಕೆ ಎಣ್ಣೆಯೇ ಹಾಕೋದು, ಅದರಲ್ಲಿ ಹೊಸದೇನಿದೆ" ಅಂದರು. ಮಗಳಿಗೆ ತಟ್ಟುವುದು ಕಲಿಸುತ್ತಾರಂತೆ. ಮೈಸೂರು ಪಾಕ್ ಬಗ್ಗೆ ಇನ್ನೂ ಮುನಿಸಿದೆ. ಧಾರವಾಡದವರೇ, ಕೇಕ್‌ಗೆ ಎಣ್ಣೆ ಎಷ್ಟು? ಅಳತೆ ಬಿಟ್ಟುಹೋಗಿದೆ. ತೆಂಗಿನೆಣ್ಣೆ ಆಗುತ್ತದಾ?

ಧಾರವಾಡದವಳು, ಟೊರಾಂಟೊ
ಆರು ಟೇಬಲ್ ಚಮಚ ರೀ. ತೆಂಗಿನೆಣ್ಣೆ ಬೇಡ. 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ, ತಣ್ಣೀರು ಬಿದ್ದ ತಕ್ಷಣ ಹಿಟ್ಟಿನಲ್ಲಿ ಗಡ್ಡೆ ಕಟ್ಟುತ್ತದೆ. ಸೂರ್ಯಕಾಂತಿ ಎಣ್ಣೆ ಹಾಕಿ. ನಾನು ಹೇಳಿದ ಅಳತೆ ಎಂಟು ಇಂಚಿನ ಚೌಕದ ಪಾತ್ರೆಗೆ. ಹನ್ನೊಂದು ಜನಕ್ಕೆ ಎಲ್ಲ ಎರಡರಷ್ಟು ಮಾಡಿ, 9 ಇಂಚು ಅಗಲ, 13 ಇಂಚು ಉದ್ದದ ಪಾತ್ರೆ ತೆಗೆದುಕೊಳ್ಳಿ. ಸಮಯ ಸ್ವಲ್ಪ ಜಾಸ್ತಿ ಬೇಕಾಗಬಹುದು, ನಡುವೆ ಕಡ್ಡಿ ಚುಚ್ಚಿ ನೋಡಿ. ಓವನ್ ಮೊದಲೇ ಬಿಸಿಗಿಟ್ಟು ಆಮೇಲೆ ವಿನೆಗರ್ ಹಾಕಿ.