ಬಾಗಿಲ ಸ್ವಸ್ತಿಕ ಒರೆಸಬೇಕಾ? ಬೇಲೂರು–ಹಳೇಬೀಡಿನ ಗೈಡ್‌ಗೆ ನಿಮ್ಮ ಪ್ರಶ್ನೆಗಳು

ಪ್ರಶ್ನೆ (ಮೂಡಿಗೆರೆ, ಹೋಂಸ್ಟೇ ನಡೆಸುವವರು): ನಮಸ್ತೆ ಸರ್. ಹೋದ ವಾರ ನಮ್ಮ ತೋಟದ ಮನೆಗೆ ಜರ್ಮನಿಯಿಂದ ಗಂಡ ಹೆಂಡತಿ ಬಂದಿದ್ದರು. ಬಾಗಿಲ ಮೇಲೆ ನಮ್ಮತ್ತೆ ಕುಂಕುಮದಲ್ಲಿ ಬರೆದ ಸ್ವಸ್ತಿಕ ನೋಡಿದ್ದೇ ಆಕೆಯ ಮುಖ ಬಿಳುಚಿಕೊಂಡಿತು. ಬಾಯಿಬಿಟ್ಟು ಏನೂ ಹೇಳಲಿಲ್ಲ, ಆದರೆ ಹೊರಡುವವರೆಗೂ ಬಿಗಿಯಾಗೇ ಇದ್ದರು. ವಿದೇಶದವರು ಬರುವ ದಿನ ಒರೆಸಿಬಿಡೋಣ ಅಂತ ನಮ್ಮವರು ಹೇಳ್ತಾರೆ. ಅತ್ತೆ ಸುತರಾಂ ಒಪ್ಪುತ್ತಿಲ್ಲ. ಏನ್ಮಾಡೋದು?

ಉತ್ತರ: ನಾನು ಅತ್ತೆಯವರ ಕಡೆ ಮೇಡಂ. ಒರೆಸಬೇಡಿ. ಆದರೆ ಆ ಅತಿಥಿ ಮೇಲೆ ಬೇಸರವೂ ಬೇಡ. 1920ರಲ್ಲಿ ನಾಜಿ ಪಕ್ಷ ಈ ಗುರುತನ್ನು ತನ್ನ ಬಾವುಟಕ್ಕೆ ಹಾಕಿಕೊಂಡಿತು. 1935ರ ಸೆಪ್ಟೆಂಬರ್ 15ರಂದು ಅದೇ ಜರ್ಮನಿಯ ಏಕೈಕ ರಾಷ್ಟ್ರಧ್ವಜವಾಯಿತು. ಯಹೂದಿಗಳ ಪೌರತ್ವ ಕಿತ್ತುಕೊಂಡ ಕಾನೂನು ಬಂದದ್ದೂ ಅದೇ ದಿನ. ಆಮೇಲೆ ಸುಮಾರು 60 ಲಕ್ಷ ಯಹೂದಿಗಳನ್ನು ಕೊಂದರು. ಆಕೆಯ ಊರಿನಲ್ಲಿ ಮಕ್ಕಳು ಶಾಲೆಯಲ್ಲಿ ಈ ಗುರುತನ್ನು ನೋಡುವುದೇ ಆ ಪಾಠದ ಜೊತೆಗೆ. ಮುಖ ಬಿಳುಚದೆ ಇನ್ನೇನಾಗುತ್ತೆ ಹೇಳಿ?

ಬಂದ ದಿನವೇ, ಕಾಫಿ ಕೊಡುವಾಗ, ನೀವಾಗಿಯೇ ಮಾತು ತೆಗೆಯಿರಿ. ಅವರು ಕೇಳಲಿ ಅಂತ ಕಾಯಬೇಡಿ, ಸಂಕೋಚಕ್ಕೆ ಕೇಳೋದಿಲ್ಲ. ನಾನು ಜೈನ ಬಸದಿಗಳಿಗೆ ಕರೆದುಕೊಂಡು ಹೋಗುವಾಗ ಒಳಗೆ ಕಾಲಿಡುವ ಮೊದಲೇ ಹೇಳಿಬಿಡುತ್ತೇನೆ. ಒಳಗೆ ಯಾರಾದರೂ ದೇವರ ಮುಂದೆ ಅಕ್ಕಿಯಲ್ಲಿ ಸ್ವಸ್ತಿಕ ಬಿಡಿಸುತ್ತಿದ್ದರೆ ಇನ್ನೂ ಒಳ್ಳೆಯದು. ಬೆರಳ ತುದಿಯಲ್ಲಿ ಅಕ್ಕಿ ಸರಿಸಿ ನಾಲ್ಕು ಕೈ ಮಾಡುತ್ತಾರೆ: ದೇವ, ಮನುಷ್ಯ, ಪ್ರಾಣಿ, ನರಕ, ಹೀಗೆ ಜೀವ ಹುಟ್ಟಿ ಬರುವ ನಾಲ್ಕು ಗತಿ. ಅದರ ಮೇಲೆ ಮೂರು ಚಿಕ್ಕ ಗುಪ್ಪೆ, ಅಂದರೆ ಸರಿಯಾದ ನಂಬಿಕೆ, ಸರಿಯಾದ ಅರಿವು, ಸರಿಯಾದ ನಡತೆ. ಎಲ್ಲಕ್ಕಿಂತ ಮೇಲೆ ಅರ್ಧಚಂದ್ರ, ಅದರ ಮೇಲೊಂದು ಚುಕ್ಕಿ. ಅದು ಮುಕ್ತರಾದವರ ಜಾಗ. ಇಷ್ಟು ನೋಡಿದ ಮೇಲೆ ಜನ ತಾವೇ ಪ್ರಶ್ನೆ ಕೇಳೋಕೆ ಶುರು ಮಾಡುತ್ತಾರೆ. ನಿಮ್ಮಲ್ಲಾದರೆ ಅತ್ತೆಯವರು ಬರೆಯುವಾಗಲೇ ಅತಿಥಿಗಳನ್ನು ಕರೆದು ತೋರಿಸಿ.

ಪ್ರಶ್ನೆ (ಹಾಸನ, ಬಿ.ಎ. ವಿದ್ಯಾರ್ಥಿ): ಸರ್, ಹಿಟ್ಲರ್‌ದು ಉಲ್ಟಾ, ನಮ್ಮದು ನೇರ ಅಂತ ವಾಟ್ಸ್‌ಆ್ಯಪ್‌ನಲ್ಲಿ ಬಂದಿತ್ತು. ಅದನ್ನೇ ಹೇಳಿದರೆ ಸಾಕಲ್ವಾ?

ಉತ್ತರ: ದಯವಿಟ್ಟು ಅದನ್ನು ಮಾತ್ರ ಹೇಳಬೇಡಿ! ನಾಜಿ ಬಾವುಟದ ಗುರುತೂ ನಮ್ಮ ಬಾಗಿಲ ಸ್ವಸ್ತಿಕದಂತೆ ಬಲಕ್ಕೇ ತಿರುಗಿದೆ. ಸಾಮಾನ್ಯವಾಗಿ 45 ಡಿಗ್ರಿ ವಾಲಿಸಿ, ಕೆಂಪು ಬಟ್ಟೆಯ ಮೇಲೆ ಬಿಳಿ ವೃತ್ತದೊಳಗೆ ಕಪ್ಪು ಬಣ್ಣದಲ್ಲಿ ಇರುತ್ತಿತ್ತು. ವಾಲಿದ್ದೇ ಗುರುತು ಅನ್ನೋಣ ಅಂದರೆ, ಹಿಟ್ಲರನ ಸ್ವಂತ ಧ್ವಜದಲ್ಲಿ ನೇರವಾಗೇ ನಿಂತಿತ್ತು. ಇನ್ನು ನೀವು ಉಲ್ಟಾ ಅನ್ನುವುದು ಜಪಾನಿನ ನಕಾಶೆಗಳಲ್ಲಿ ಬೌದ್ಧ ದೇವಾಲಯದ ಚಿಹ್ನೆ. ಪಾಪ, ಅವರಿಗೂ ಇದೇ ತಲೆನೋವು. ಎಡವೋ ಬಲವೋ ಅಂತ ಅಳೆಯುತ್ತಾ ಕೂರಬೇಡಿ. ಯಾರು, ಎಲ್ಲಿ, ಯಾಕೆ ಬರೆದಿದ್ದಾರೆ ಅನ್ನೋದೇ ವ್ಯತ್ಯಾಸ.

ಪ್ರಶ್ನೆ (ಅರಸೀಕೆರೆ): ಒಟ್ಟಿನಲ್ಲಿ ನಮ್ಮದನ್ನು ಕದ್ದ ಅಂತಾಯ್ತು, ಅಲ್ವಾ ಸಾರ್?

ಉತ್ತರ: ಅಷ್ಟು ಸಲೀಸಾಗಿ ಹೇಳೋಕಾಗಲ್ಲ ಅಣ್ಣ. ಸಿಂಧೂ ಕಣಿವೆಯ ಮುದ್ರೆಗಳಲ್ಲಿ ಸ್ವಸ್ತಿಕ ಇದೆ, ನಿಜ. ಪ್ರಾಚೀನ ಗ್ರೀಕರ ಮಡಕೆಗಳ ಮೇಲೂ ಇದೆ. ತಮಾಷೆ ಅಂದರೆ, ಇಸ್ರೇಲಿನ ಐನ್ ಗೆಡಿಯಲ್ಲಿ ಯಹೂದಿಗಳದೇ ಪುರಾತನ ಪ್ರಾರ್ಥನಾ ಮಂದಿರದ ನೆಲಹಾಸಿನಲ್ಲೂ ಇದೆ. 1870ರ ದಶಕದಲ್ಲಿ ಜರ್ಮನಿಯ ಉತ್ಖನನಕಾರ ಶ್ಲೀಮನ್ ಈಗಿನ ಟರ್ಕಿಯಲ್ಲಿರುವ ಪ್ರಾಚೀನ ಟ್ರಾಯ್ ಪಟ್ಟಣ ಅಗೆದಾಗ ಈ ಗುರುತಿರುವ ವಸ್ತುಗಳು ರಾಶಿ ಸಿಕ್ಕವು. ಇದು ಆರ್ಯರ ಗುರುತು ಅಂತ ಯೂರೋಪಿನ ಕೆಲವು ಪಂಡಿತರು ಕಥೆ ಕಟ್ಟಿದರು. ಆರ್ಯ ಜನಾಂಗವೇ ಶ್ರೇಷ್ಠ ಅನ್ನುತ್ತಿದ್ದ ಜರ್ಮನ್ ಗುಂಪುಗಳು ಅದನ್ನೇ ಹಿಡಿದುಕೊಂಡವು. ಹಿಟ್ಲರನಿಗೆ ಸಿಕ್ಕಿದ್ದು ಅಲ್ಲಿಂದ, ನಮ್ಮ ದೇವಸ್ಥಾನದಿಂದಲ್ಲ. ಬಾವುಟದ ವಿನ್ಯಾಸ ತನ್ನದೇ ಅಂತ ಕೊಚ್ಚಿಕೊಂಡರೂ, ಸ್ಟಾರ್ನ್‌ಬರ್ಗ್ ಊರಿನ ಒಬ್ಬ ಹಲ್ಲಿನ ಡಾಕ್ಟರು ಹೆಚ್ಚುಕಡಿಮೆ ಅಂಥದ್ದೇ ಕೊಟ್ಟಿದ್ದರು ಅಂತ ತಾನೇ ಬರೆದುಕೊಂಡಿದ್ದಾನೆ.

ಅದಕ್ಕೂ ಮೊದಲು ಪಶ್ಚಿಮದವರಿಗೂ ಇದು ಅದೃಷ್ಟದ ಗುರುತೇ. ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿ ಬಳಸುತ್ತಿತ್ತು. ಫಿನ್ಲೆಂಡಿನ ವಾಯುಪಡೆ 1918ರಲ್ಲೇ ವಿಮಾನಕ್ಕೆ ಹಾಕಿಕೊಂಡಿತ್ತು, ಅಂದರೆ ನಾಜಿಗಳಿಗಿಂತ ಮುಂಚೆ. ಅಮೆರಿಕದ ಸೇನೆಯ 45ನೇ ಡಿವಿಷನ್ನಿನ ತೋಳುಪಟ್ಟಿಯಲ್ಲೂ ಇತ್ತು, 1939ರಲ್ಲಿ ತೆಗೆದರು. ನನಗೆ ತೀರಾ ಸಂಕಟವಾಗುವುದು ಅಲ್ಲಿನ ಮೂಲನಿವಾಸಿಗಳ ವಿಚಾರ. ನವಾಹೋ, ಹೋಪಿ, ಅಪಾಚೆ, ಪಾಪಗೋ ಜನ ತಲೆಮಾರುಗಳಿಂದ ಕಂಬಳಿ, ಬುಟ್ಟಿಗಳಲ್ಲಿ ಅದನ್ನು ನೇಯುತ್ತಿದ್ದರು. 1940ರಲ್ಲಿ ನಾಲ್ಕೂ ಬುಡಕಟ್ಟಿನವರು ಇನ್ನು ಬಳಸುವುದಿಲ್ಲ ಅಂತ ಸಹಿ ಹಾಕಿದರು. ಮಾಡಿದವರು ಯಾರೋ, ಕಳೆದುಕೊಂಡವರು ಇವರು. ನಿಮ್ಮ ಸಿಟ್ಟಿಗೆ ಜಾಗ ಬೇಕಿದ್ದರೆ ಇದೇ ಸರಿಯಾದ ಜಾಗ.

ಪ್ರಶ್ನೆ (ಚನ್ನರಾಯಪಟ್ಟಣ): ಮಗ ಎಂ.ಎಸ್. ಮಾಡೋಕೆ ಜರ್ಮನಿಗೆ ಹೊರಟಿದ್ದಾನೆ. ಅಲ್ಲಿ ಸ್ವಸ್ತಿಕ ಇಟ್ಟುಕೊಂಡರೆ ಜೈಲು ಅಂತಾರೆ. ದೇವರ ಪಟ ಕಳಿಸಬಹುದಾ?

ಉತ್ತರ: ಧಾರಾಳವಾಗಿ ಕಳಿಸಿ ಅಮ್ಮ. ಅಲ್ಲಿನ ದಂಡ ಸಂಹಿತೆಯ 86ಎ ಕಲಮಿನಲ್ಲಿ ಮೂರು ವರ್ಷದವರೆಗೆ ಜೈಲು ಇಲ್ಲವೇ ದಂಡ ಇದೆ, ಹೌದು. ಆದರೆ ಅದು ನಿಷೇಧಿತ ನಾಜಿ ಸಂಘಟನೆಗಳ ಗುರುತು ಮೆರೆಸುವವರಿಗೆ, ಪೂಜೆ ಮಾಡುವವರಿಗಲ್ಲ. 2007ರಲ್ಲಿ ಇಡೀ ಯೂರೋಪಿನಲ್ಲೇ ನಿಷೇಧಿಸೋಣ ಅಂತ ಜರ್ಮನಿ ಮಾತೆತ್ತಿದಾಗ ಅಲ್ಲಿನ ಹಿಂದೂಗಳು ವಿರೋಧಿಸಿದರು, ಆ ಮಾತು ಅಲ್ಲಿಗೇ ನಿಂತಿತು. ಹಾಗಂತ ದಾರಿಯಲ್ಲಿ ಹೋಗುವವರಿಗೆಲ್ಲ ನಿಮ್ಮ ಹುಡುಗನ ಪೂಜೆ ಗೊತ್ತಿರುತ್ತಾ? ರೂಮಿನೊಳಗೆ ದೇವರ ಪಟ ಇರಲಿ. ಆಯುಧ ಪೂಜೆಗೆ ಸೈಕಲ್ ಮೇಲೆ ಬರೆಯೋದು, ಲ್ಯಾಪ್‌ಟಾಪ್‌ಗೆ ಸ್ಟಿಕ್ಕರ್, ಅಂಗಿ ಮೇಲೆ ಕಾಣುವ ಲಾಕೆಟ್, ಇದೆಲ್ಲ ಬೇಡ. ರೂಮ್‌ಮೇಟ್‌ಗೆ ಮೊದಲ ದಿನವೇ ಹೇಳಿಬಿಡಲಿ.

ಪ್ರಶ್ನೆ (ಬೇಲೂರು): ಬೇರೆ ಗುರುತುಗಳಿಗೂ ಹೀಗಾಗಿದೆಯಾ ಸರ್? ನನ್ನ ತಮ್ಮ ಹಳೇ ಯೂರೋಪಿನ ರೂನ್ ಅಕ್ಷರಗಳ ಟ್ಯಾಟೂ ಹಾಕಿಸ್ತೀನಿ ಅಂತ ಕುಣೀತಿದ್ದಾನೆ.

ಉತ್ತರ: ಆಗಿದೆ. ರೋಮಿನ ಅಧಿಕಾರಿಗಳ ಮುಂದೆ ಕೊಡಲಿ ಸಿಕ್ಕಿಸಿದ ಕೋಲಿನ ಕಟ್ಟು ಹಿಡಿದು ನಡೆಯುತ್ತಿದ್ದರು. ಇಟಲಿಯ ಸರ್ವಾಧಿಕಾರಿ ಮುಸೊಲಿನಿ ಅದನ್ನು ತನ್ನ ಫ್ಯಾಸಿಸಂನ ಗುರುತು ಮಾಡಿದ. ಆದರೂ ಅಮೆರಿಕದ ಸಂಸತ್ತಿನ ಕೆಳಮನೆಯಲ್ಲಿ ಧ್ವಜದ ಎರಡೂ ಪಕ್ಕ ಅದು ಇವತ್ತಿಗೂ ಇದೆ, ಯಾರೂ ಬೆಚ್ಚುವುದಿಲ್ಲ. ಎಲ್ಲ ಗುರುತಿಗೂ ಒಂದೇ ಗತಿ ಬರಲಿಲ್ಲ ನೋಡಿ.

ರೂನ್‌ಗಳೆಲ್ಲ ಕೆಟ್ಟವಲ್ಲ, ಅವು ಹಳೇ ಲಿಪಿ. ಆದರೆ ಜೋಡಿ ಮಿಂಚಿನಂತೆ ಕಾಣುವುದು ಹಿಟ್ಲರನ ಎಸ್‌ಎಸ್ ಪಡೆಯದು. 'ಓಡಲ್' ಅನ್ನುವುದನ್ನೂ ಎಸ್‌ಎಸ್‌ನವರು ಬಳಸಿದ್ದರು, ಇವತ್ತಿನ ನವ ನಾಜಿಗಳೂ ಬಳಸುತ್ತಾರೆ. ಡಿಸೈನ್ ಪುಸ್ತಕದಲ್ಲಿ ಚೆಂದ ಕಂಡಿತು ಅಂತ ಚುಚ್ಚಿಸಿಕೊಳ್ಳುವುದು ಬೇಡ. ಯಾವ ಅಕ್ಷರ ಅಂತ ಫೋಟೋ ಇಲ್ಲಿ ಹಾಕಲಿ, ನೋಡಿ ಹೇಳ್ತೀನಿ.